ಅಣುವೋ, ಪರಮಾಣುವೋ?

ಅಣು

ಕೈಗಾದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ‘ಅಣು ವಿದ್ಯುತ್ ಸ್ಥಾವರ’ ಕಾಣುತ್ತದೆ. ಹೈಸ್ಕೂಲು ಪಠ್ಯ ಬೇರೆಯೇ ಹೇಳುತ್ತದೆ: ಪರಮಾಣುಗಳು ಕೂಡಿದರೆ ಅಣು, ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಸೇರಿ ನೀರಿನ ಅಣು. ಆ ಲೆಕ್ಕದಲ್ಲಿ ಸ್ಥಾವರಕ್ಕೂ ಬಾಂಬಿಗೂ ‘ಅಣು’ ಹೊಂದುವುದಿಲ್ಲ. ‘ಪರಮಾಣು’ ಕೂಡ ಅರೆಬರೆಯೇ. ಶಕ್ತಿ ಬರುವುದು ಅದರ ನಡುವಿನ ಬೀಜದಿಂದ. ‘ಬೈಜಿಕ’ ಎಂಬ ಒಳ್ಳೆಯ ಪದ ನಮ್ಮಲ್ಲಿದೆ, ಬಳಸುವವರು ಕಡಿಮೆ.

ಸಂಸ್ಕೃತದ ‘ಅಣು’ವಿಗೆ ಸೂಕ್ಷ್ಮ, ಕಿರಿದು ಎಂದರ್ಥ. ಒಂದು ಸಣ್ಣ ಧಾನ್ಯದ ಹೆಸರೂ ಹೌದು. ಯಜುರ್ವೇದದ ಚಮಕದಲ್ಲಿ ಧಾನ್ಯಗಳ ಸಾಲಿನಲ್ಲೇ ಅದು ಬರುತ್ತದೆ. ಜೈನ ಗೃಹಸ್ಥರ ಅಣುವ್ರತ, ನಮ್ಮ ‘ಅಣುರೇಣುತೃಣಕಾಷ್ಠ’ ಎಲ್ಲದರಲ್ಲೂ ಇರುವುದು ಇದೇ ಕಿರಿತನ. ಇನ್ನು ಒಡೆಯಲಾಗದ್ದಕ್ಕೆ ವೈಶೇಷಿಕರು ‘ಪರಮ’ ಸೇರಿಸಿದರು. ಎರಡು ಪರಮಾಣು ಸೇರಿದರೆ ದ್ವ್ಯಣುಕ, ಅಂಥ ಮೂರು ಸೇರಿದರೆ ತ್ರ್ಯಣುಕ. ಕಿಟಕಿಯ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣವೇ ತ್ರ್ಯಣುಕವಂತೆ.

ಗ್ರೀಕಿನ ‘ಆಟಮಾಸ್’ಗೂ ಕತ್ತರಿಸಲಾಗದ್ದು ಎಂದೇ ಅರ್ಥ. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಮೇಲೆ ಎರಡೂ ಹೆಸರು ಸುಳ್ಳಾದವು, ಆದರೂ ಉಳಿದುಕೊಂಡವು. 1911ರಲ್ಲಿ ರುದರ್‌ಫರ್ಡ್ ಬೀಜ ತೋರಿಸಿದ. 1926ರಲ್ಲಿ ಶ್ರೋಡಿಂಗರ್ ಸಮೀಕರಣ ಬಂದ ಮೇಲಂತೂ ಎಲೆಕ್ಟ್ರಾನಿಗೆ ಗೆರೆ ಎಳೆದಂಥ ಕಕ್ಷೆಯೂ ಉಳಿಯಲಿಲ್ಲ. ಇಲ್ಲಿ ಸಿಗುವ ಸಂಭವ ಇಷ್ಟು, ಅಲ್ಲಿ ಇಷ್ಟು ಎನ್ನಬಹುದಷ್ಟೆ.

ತೆಲುಗು, ಹಿಂದಿಗಳು ನಮ್ಮ ಪಠ್ಯದಂತೆಯೇ. ತಮಿಳಿನಲ್ಲಿ ‘ಅಣು’ ಎಂದರೆ ಪರಮಾಣು. ಮರಾಠಿಯಲ್ಲೂ ಹಾಗೇ, ಅವು ಕೂಡಿದರೆ ‘ರೇಣು’. ಬೆಳಗಾವಿಯಲ್ಲಿ ಎರಡೂ ಮಾಧ್ಯಮದ ಮಕ್ಕಳು ಒಟ್ಟಿಗೆ ಟ್ಯೂಷನ್‌ಗೆ ಕೂತರೆ ಒಬ್ಬನ ಅಣು ಇನ್ನೊಬ್ಬನ ರೇಣು.