ಲೆಕ್ಕದ ಪುಸ್ತಕ ತೋರಿಸದ ನಷ್ಟ: ಈರಿ ಸರೋವರದ ಇತಿಹಾಸ

ಉತ್ತರ ಅಮೆರಿಕದ ಐದು ಸಿಹಿನೀರಿನ ಮಹಾಸರೋವರಗಳಲ್ಲಿ ಈರಿ ಸರೋವರದ ಆಳ ಎಲ್ಲಕ್ಕಿಂತ ಕಡಿಮೆ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾ ದೇಶಗಳ ಗಡಿಯಲ್ಲಿರುವ ಇದರ ವಿಸ್ತಾರ ಸುಮಾರು 25,700 ಚದರ ಕಿಲೋಮೀಟರ್. ಸರಾಸರಿ ಆಳವಾದರೋ 19 ಮೀಟರ್ ಮಾತ್ರ. ಪಶ್ಚಿಮ ಭಾಗದಲ್ಲಿ ಎಂಟು ಮೀಟರ್ ಕೂಡ ಇಲ್ಲ. ಆಳವಿಲ್ಲದ ನೀರು ಬೇಗ ಬೆಚ್ಚಗಾಗುವುದರಿಂದ ಅಲ್ಲಿ ಜೀವರಾಶಿ ಸಮೃದ್ಧವಾಗಿ ಬೆಳೆಯುತ್ತದೆ. ಅದೇ ಕಾರಣಕ್ಕೆ ದಡದಿಂದ ಬಂದು ಸೇರುವ ಕಲ್ಮಷದ ಪರಿಣಾಮವೂ ಅಲ್ಲಿ ಬೇಗ ಕಾಣಿಸುತ್ತದೆ. ಈ ಸರೋವರದ ನೂರು ವರ್ಷಗಳ ಇತಿಹಾಸವು ನೀತಿಯನ್ನು ಕುರಿತು ಚಿಂತಿಸುವವರೆಲ್ಲರ ಗಮನಕ್ಕೆ ಅರ್ಹವಾದುದು.

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಈರಿಯ ಮೀನುಗಾರಿಕೆ ದೊಡ್ಡ ಉದ್ಯಮವಾಗಿತ್ತು. ವರ್ಷಾಂತ್ಯದಲ್ಲಿ ಹಿಡಿದ ಮೀನಿನ ಒಟ್ಟು ತೂಕವನ್ನು ಕೂಡಿಸಿ ನೋಡಿದವರಿಗೆ ಉದ್ಯಮವು ಕ್ಷೇಮವಾಗಿದೆ ಎಂದೇ ತೋರುತ್ತಿತ್ತು. ಆದರೆ ಆ ಮೊತ್ತದ ಒಳಗೆ ಬೇರೊಂದು ಕಥೆ ನಡೆದಿತ್ತು. ಹೇರಳವಾಗಿದ್ದ ಸಿಸ್ಕೊ ಎಂಬ ಮೀನಿನ ಸಂತತಿ 1925ರಲ್ಲಿ ಕುಸಿಯಿತು. ಬ್ಲೂ ಪೈಕ್ ಎಂಬ ಬಗೆಯ ಮೀನು 1955ರಲ್ಲಿ ಸುಮಾರು 2 ಕೋಟಿ ಪೌಂಡುಗಳಷ್ಟು ದೊರೆತಿದ್ದು, ನಾಲ್ಕೇ ವರ್ಷಗಳಲ್ಲಿ ಒಂದು ಲಕ್ಷ ಪೌಂಡಿಗಿಂತ ಕೆಳಗಿಳಿಯಿತು. 1983ರಲ್ಲಿ ಅದು ನಿರ್ವಂಶವಾಯಿತೆಂದು ಅಮೆರಿಕ ಸರ್ಕಾರ ಘೋಷಿಸಿತು. ಅಷ್ಟಾದರೂ ಒಟ್ಟು ತೂಕದಲ್ಲಿ ಅದಕ್ಕೆ ತಕ್ಕ ಇಳಿಕೆ ಕಾಣಲಿಲ್ಲ. ಕಡಿಮೆ ಬೆಲೆಯ ಸಣ್ಣ ಮೀನುಗಳು ಆ ಸ್ಥಾನವನ್ನು ತುಂಬಿದ್ದವು. ಅಂಗಡಿಯ ಒಳ್ಳೆಯ ಸರಕೆಲ್ಲ ಬರಿದಾಗಿ, ಅಗ್ಗದ ಸರಕಿನಿಂದ ವಹಿವಾಟು ಹಿಂದಿನಷ್ಟೇ ನಡೆಯುತ್ತಿದ್ದರೆ, ವಹಿವಾಟಿನ ಮೊತ್ತವೊಂದನ್ನೇ ನೋಡುವ ಯಜಮಾನನಿಗೆ ನಷ್ಟವು ತಿಳಿಯುವುದಿಲ್ಲ. ಈರಿಯಲ್ಲಿ ಆದದ್ದು ಇದೇ.

ಮಿತಿಯಿಲ್ಲದ ಬಲೆಗಾರಿಕೆ ಈ ನಾಶಕ್ಕೆ ಒಂದು ಕಾರಣ. ಆದರೆ ಬಲೆಯನ್ನು ಎಂದೂ ಮುಟ್ಟದವರ ಪಾಲೂ ಇದರಲ್ಲಿ ದೊಡ್ಡದು. ಹತ್ತೊಂಬತ್ತನೆಯ ಶತಮಾನದಲ್ಲಿ ದಡದ ಕಾಡುಗಳನ್ನು ಕಡಿದು, ಜೌಗುಭೂಮಿಗಳ ನೀರನ್ನು ಬಸಿದು ಹೊಲಗಳನ್ನು ಮಾಡಲಾಯಿತು. ಡೆಟ್ರಾಯಿಟ್, ಕ್ಲೀವ್‌ಲೆಂಡ್, ಟೊಲೀಡೊ ಮೊದಲಾದ ನಗರಗಳ ಕೊಳಚೆ ಸರೋವರವನ್ನು ಸೇರಿತು. ಎರಡನೆಯ ಮಹಾಯುದ್ಧದ ತರುವಾಯ ಮನೆಮನೆಗೂ ಬಂದ ಬಟ್ಟೆ ತೊಳೆಯುವ ಪುಡಿಗಳಲ್ಲಿ ರಂಜಕ, ಅಂದರೆ ಫಾಸ್ಫರಸ್, ಯಥೇಚ್ಛವಾಗಿತ್ತು. ಹೊಲಕ್ಕೆ ಗೊಬ್ಬರವಾದದ್ದು ನೀರಿನಲ್ಲಿ ಪಾಚಿಗೂ ಗೊಬ್ಬರವೇ. ಮಿತಿಮೀರಿ ಬೆಳೆದ ಪಾಚಿ ಸತ್ತು ತಳ ಸೇರಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಕಬಳಿಸುತ್ತದೆ. ತಳದ ಜೀವಿಗಳು ಉಸಿರುಗಟ್ಟಿ ಸಾಯುತ್ತವೆ. 1953ರ ಸೆಪ್ಟೆಂಬರಿನಲ್ಲಿ ಗಾಳಿಯಾಡದ ಬಿಸಿ ದಿನಗಳು ಬಂದಾಗ, ಸರೋವರದ ಪಶ್ಚಿಮ ಭಾಗದ ಕೆಸರಿನಲ್ಲಿ ಬದುಕುತ್ತಿದ್ದ ಮೇಫ್ಲೈ ಎಂಬ ಕೀಟದ ಮರಿಗಳು ಹೀಗೆಯೇ ಅಪಾರ ಸಂಖ್ಯೆಯಲ್ಲಿ ಸತ್ತವು. ಆ ಮರಣ ಯಾವ ವರ್ತಕನ ಲೆಕ್ಕದ ಪುಸ್ತಕದಲ್ಲಿಯೂ ದಾಖಲಾಗಲಿಲ್ಲ. ಮೀನುಗಳಿಗೆ ಮಾತ್ರ ಆಹಾರ ತಪ್ಪಿತು.

1969ರ ಜೂನ್ 22ರಂದು, ಈರಿಯನ್ನು ಸೇರುವ ಕಯಹೋಗಾ ನದಿಯ ಮೇಲೆ ತೇಲುತ್ತಿದ್ದ ಎಣ್ಣೆ ಮತ್ತು ಕಸಕ್ಕೆ ಬೆಂಕಿ ಹತ್ತಿತು. 1952ರಲ್ಲಿ ಇದಕ್ಕಿಂತ ದೊಡ್ಡ ಬೆಂಕಿ ಅಲ್ಲಿಯೇ ಎದ್ದಿದ್ದರೂ ದೇಶವು ಅದನ್ನು ಗಮನಿಸಿರಲಿಲ್ಲ. ಈ ಸಲ ಗಮನಿಸಿತು. ಮರುವರ್ಷ ಮೀನುಗಳಲ್ಲಿ ಪಾದರಸ ಕಂಡುಬಂದು, ವಾಲ್‌ಐ ಎಂಬ ಮುಖ್ಯ ಮೀನಿನ ವ್ಯಾಪಾರವನ್ನು ಸರೋವರದ ಪಶ್ಚಿಮ ಭಾಗದಲ್ಲಿ ನಿಲ್ಲಿಸಬೇಕಾಯಿತು. 1972ರ ಏಪ್ರಿಲ್ 15ರಂದು ಎರಡೂ ದೇಶಗಳು ಮಹಾಸರೋವರಗಳ ಜಲಗುಣಮಟ್ಟದ ಒಪ್ಪಂದಕ್ಕೆ ಸಹಿ ಹಾಕಿದವು.

ತಮ್ಮ ಪುಡಿಯಿಂದ ತೊಂದರೆಯಿಲ್ಲವೆಂದು ಮಾರ್ಜಕಗಳ ತಯಾರಕರು ವಾದಿಸಿದರು. ಇದಕ್ಕೆ ಉತ್ತರವನ್ನು ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಕೊಟ್ಟರು. 1973ರಲ್ಲಿ ಕೆನಡಾದ ಒಂದು ಚಿಕ್ಕ ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕವನ್ನು, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಲಾಯಿತು. ರಂಜಕ ಬಿದ್ದ ಭಾಗ ಪಾಚಿಯಿಂದ ಹಸುರಾಯಿತು. ಇನ್ನೊಂದು ತಿಳಿಯಾಗಿಯೇ ಉಳಿಯಿತು. ಪುಡಿಗಳಲ್ಲಿನ ರಂಜಕಕ್ಕೆ ಮಿತಿ ಬಂತು. ಕೊಳಚೆಯನ್ನು ಶುದ್ಧಗೊಳಿಸಿ ಬಿಡುವ ಸ್ಥಾವರಗಳು ಸುಧಾರಿಸಿದವು. 1978ರ ಒಪ್ಪಂದವು ಈರಿಗೆ ವರ್ಷಕ್ಕೆ 11,000 ಟನ್ ರಂಜಕದ ಮಿತಿಯನ್ನು ಗೊತ್ತುಮಾಡಿತು. 1980ರ ದಶಕದಲ್ಲಿ ಅದನ್ನು ಮುಟ್ಟಲಾಯಿತು. ವಾಲ್‌ಐ ಮತ್ತೆ ಹೆಚ್ಚಿತು. 1990ರ ದಶಕದ ಆರಂಭದಲ್ಲಿ ಮೇಫ್ಲೈಗಳೂ ಮರಳಿದವು. ಬ್ಲೂ ಪೈಕ್ ಮಾತ್ರ ಮರಳಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಸಮಾಧಾನ ಪಡಬಹುದಿತ್ತು. ಆದರೆ 1990ರ ದಶಕದ ಮಧ್ಯಭಾಗದಿಂದ, ನೀರಿನಲ್ಲಿ ಕರಗಿದ ರಂಜಕ ಮತ್ತೆ ಏರತೊಡಗಿತು. ಈ ಸಲ ಅದು ಬಂದದ್ದು ಮುಖ್ಯವಾಗಿ ಹೊಲಗಳಿಂದ, ಮಳೆನೀರಿನೊಂದಿಗೆ, ಮೌಮೀ ನದಿಯ ಮೂಲಕ. ಒಂದು ಕೊಳವೆಗೆ ಕಟ್ಟಳೆ ವಿಧಿಸುವುದು ಸುಲಭ; ಸಾವಿರಾರು ಹೊಲಗಳಿಗೆ ವಿಧಿಸುವುದು ಕಠಿಣ. 2014ರ ಆಗಸ್ಟ್ 2ರಂದು ಟೊಲೀಡೊ ನಗರದ ನಲ್ಲಿಯ ನೀರಿನಲ್ಲಿ ಪಾಚಿಯ ವಿಷ ಕಂಡುಬಂದು, ಸುಮಾರು ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನ ಎರಡು ದಿನಗಳಿಗಿಂತ ಹೆಚ್ಚು ಕಾಲ ಆ ನೀರನ್ನು ಕುಡಿಯದಂತಾಯಿತು. ನೀರನ್ನು ಸೋಸಿ, ಕಾಯಿಸಿ ಕುಡಿಯುವ ಮನೆತನಗಳು ಒಂದು ಸಂಗತಿಯನ್ನು ತಿಳಿದಿರಬೇಕು: ಈ ವಿಷ ಬಟ್ಟೆಯ ಸೋಸುವಿಕೆಗೆ ನಿಲ್ಲುವುದಿಲ್ಲ, ಕುದಿಸಿದರೆ ನೀರು ಆವಿಯಾಗಿ ವಿಷದ ಪ್ರಮಾಣ ಇನ್ನೂ ಹೆಚ್ಚುತ್ತದೆ. ರಂಜಕವನ್ನು 2008ರ ಮಟ್ಟಕ್ಕಿಂತ ಶೇಕಡಾ 40ರಷ್ಟು ಇಳಿಸಬೇಕೆಂಬ ಗುರಿಯನ್ನು ಎರಡೂ ದೇಶಗಳು 2016ರಲ್ಲಿ ಅಂಗೀಕರಿಸಿದವು.

ಬಲೆ ಬೀಸುವವನಿಗೆ ತಾನು ಜೀವ ತೆಗೆಯುತ್ತಿರುವುದು ಗೊತ್ತಿರುತ್ತದೆ. ಒಗೆಯುವ ಪುಡಿಯನ್ನು ಬಳಸಿದ ಗೃಹಿಣಿಗೂ, ಹೊಲಕ್ಕೆ ಗೊಬ್ಬರ ಚೆಲ್ಲಿದ ರೈತನಿಗೂ, ಪುಡಿಯನ್ನು ಮಾರಿದ ವರ್ತಕನಿಗೂ ಅದು ಗೊತ್ತಿರಲಿಲ್ಲ. ಈರಿಯ ತಳದಲ್ಲಿ ಆದ ಜೀವಹಾನಿಯಲ್ಲಿ ಅವರೆಲ್ಲರ ಪಾಲೂ ಇತ್ತು. 1973ರ ಪ್ರಯೋಗಕ್ಕಿಂತ ಮೊದಲು ಅರಿವಿಲ್ಲದೆ ಆದದ್ದನ್ನು ಅಜ್ಞಾನವೆನ್ನಬಹುದು. ಅದರ ನಂತರವೂ ಅದನ್ನೇ ಮುಂದುವರಿಸಿದರೆ ಅದು ಅಜ್ಞಾನವಲ್ಲ, ಪ್ರಮಾದ. ಪ್ರಾಮಾಣಿಕವಾದ ಲೆಕ್ಕದಲ್ಲಿ ಮನೆಗೆ ತಂದ ಸರಕಿನೊಡನೆ ಮನೆಯ ಮೋರಿಯಿಂದ ಹೊರಗೆ ಹೋದದ್ದಕ್ಕೂ ಒಂದು ಸಾಲು ಇರಬೇಕು.