ಒಲಿಂಪಿಕ್ಸ್ ಜಾಲತಾಣದ ಮೇಲೊಂದು ದೂರು

ಸಿಡ್ನಿ ಒಲಿಂಪಿಕ್ಸ್ ಎಂದರೆ ಭಾರತೀಯರಿಗೆ ನೆನಪಾಗುವುದು ಕರ್ಣಂ ಮಲ್ಲೇಶ್ವರಿ ಭಾರ ಎತ್ತಿ ಗೆದ್ದುಕೊಂಡ ಕಂಚಿನ ಪದಕ. 2000ದ ಸೆಪ್ಟೆಂಬರಿನಲ್ಲಿ ನಡೆದ ಆ ಕೂಟಕ್ಕೆ ಸಂಬಂಧಿಸಿದ ಇನ್ನೊಂದು ಸ್ಪರ್ಧೆ ಮೈದಾನದ ಹೊರಗೆ ನಡೆದಿತ್ತು. ಅದರಲ್ಲಿ ಒಂದು ಕಡೆ ಕ್ರೀಡಾಕೂಟದ ಸಂಘಟನಾ ಸಮಿತಿ, ಇನ್ನೊಂದು ಕಡೆ ಬ್ರೂಸ್ ಮ್ಯಾಗ್ವೈರ್ ಎಂಬ ದೃಷ್ಟಿ ಇಲ್ಲದ ಒಬ್ಬ ನಾಗರಿಕ. ಕ್ರೀಡಾಪುಟಗಳಲ್ಲಿ ಜಾಗ ಪಡೆಯದ ಈ ಪ್ರಕರಣವನ್ನು ಕಾನೂನು ಓದುವವರು ಇಂದಿಗೂ ಉದಾಹರಿಸುತ್ತಾರೆ. ಜಾಲತಾಣವೊಂದು ಅಂಗವಿಕಲರಿಗೆ ನಿಲುಕದಂತೆ ಇದ್ದರೆ ಅದು ಬರಿಯ ಅನನುಕೂಲವೋ ಅಥವಾ ಕಾನೂನಿನ ಉಲ್ಲಂಘನೆಯೋ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಕ್ಕ ಮೊದಲ ಪ್ರಮುಖ ಪ್ರಕರಣಗಳಲ್ಲಿ ಇದೂ ಒಂದು.

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಹೇಗೆ ಎಂಬ ಅನುಮಾನ ಹಲವರಿಗೆ ಬರಬಹುದು. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಅದೇ ಬರಹವನ್ನು ಬೆರಳಿಗೆ ತಾಕುವ ಚುಕ್ಕಿಗಳನ್ನಾಗಿ ಮೇಲೆಬ್ಬಿಸುವ ಬ್ರೈಲ್ ಫಲಕವೂ ಇದೆ. ಮ್ಯಾಗ್ವೈರ್ ಬಳಸುತ್ತಿದ್ದುದು ಈ ಎರಡನೆಯದನ್ನು. ಆದರೆ ಯಂತ್ರ ಓದಬಲ್ಲದ್ದು ಅಕ್ಷರವನ್ನು ಮಾತ್ರ. ಪುಟದಲ್ಲಿ ಒಂದು ಚಿತ್ರವಿದ್ದು, ಅದನ್ನು ಒತ್ತಿದರೆ ಈಜಿನ ವಿವರ ತೆರೆಯುತ್ತದೆ ಎಂದಿಟ್ಟುಕೊಳ್ಳಿ. ಆ ಚಿತ್ರದ ಬೆನ್ನಿಗೆ ‘ಈಜು’ ಎಂಬ ಪದವನ್ನು ಯಾರೂ ಬರೆದಿಡದಿದ್ದರೆ ಯಂತ್ರ ‘ಇಲ್ಲೊಂದು ಚಿತ್ರವಿದೆ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಬಸ್ ನಿಲ್ದಾಣದಲ್ಲಿ ಬೋರ್ಡು ಓದಲಾಗದವರು ಪಕ್ಕದವರನ್ನು ‘ಇದು ಯಾವ ಊರಿನ ಬಸ್ಸು’ ಎಂದು ಕೇಳುತ್ತಾರೆ. ಪಕ್ಕದವರು ‘ಇದೊಂದು ಬಸ್ಸು’ ಎಂದು ಉತ್ತರಿಸಿದ ಹಾಗೆ ಇದು. ಕಾಣುವವರ ಕಣ್ಣಿಗೆ ಬೀಳದ ಆ ಒಂದು ಪದವನ್ನು ಸೇರಿಸುವುದು ಕೆಲವು ಕ್ಷಣಗಳ ಕೆಲಸ.

ಹೀಗೆ ಸೇರಿಸಬೇಕು ಎಂಬ ತಿಳಿವಳಿಕೆ ಆಗ ಇರಲಿಲ್ಲವೇ? ಇತ್ತು. ವಿಶ್ವವ್ಯಾಪಿ ಜಾಲವನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ ನೇತೃತ್ವದ ಒಕ್ಕೂಟ 1999ರ ಮೇ 5ರಂದು ಈ ಕುರಿತ ಮೊದಲ ಮಾರ್ಗಸೂಚಿಯನ್ನು ಪ್ರಕಟಿಸಿತ್ತು. ಮ್ಯಾಗ್ವೈರ್ ದೂರು ಕೊಟ್ಟದ್ದು ಅದಾಗಿ ಒಂದು ತಿಂಗಳಿಗೆ, ಜೂನ್ 7ರಂದು, ಆಸ್ಟ್ರೇಲಿಯಾದ ಮಾನವ ಹಕ್ಕುಗಳು ಮತ್ತು ಸಮಾನ ಅವಕಾಶಗಳ ಆಯೋಗಕ್ಕೆ. ಟಿಕೆಟ್ ಕೊಳ್ಳುವ ವಿವರಗಳ ಪುಸ್ತಿಕೆ ಬ್ರೈಲ್‌ನಲ್ಲಿ ಇಲ್ಲ ಎಂಬುದೂ ಅವರ ದೂರಿನಲ್ಲಿತ್ತು. ಮುಖ್ಯ ಜಗಳ ನಡೆದದ್ದು ಮಾತ್ರ ಜಾಲತಾಣದ ಬಗ್ಗೆ.

ಅವರು ಕೇಳಿದ್ದು ಮೂರೇ ಸಂಗತಿ. ಚಿತ್ರಗಳಿಗೆ ಪದಗಳಲ್ಲಿ ವಿವರಣೆ ಬೇಕು, ವೇಳಾಪಟ್ಟಿಯ ಪುಟದಿಂದ ಕ್ರೀಡೆಗಳ ಸೂಚಿಗೆ ಹೋಗಲು ದಾರಿ ಬೇಕು, ಫಲಿತಾಂಶದ ಕೋಷ್ಟಕಗಳು ಓದಲು ಬರುವಂತಿರಬೇಕು. ಎರಡನೆಯದಕ್ಕೆ ಸಮಿತಿ ಕೊಟ್ಟ ಉತ್ತರ ಸ್ವಾರಸ್ಯಕರವಾಗಿದೆ. ಆಯಾ ಕ್ರೀಡೆಯ ಪುಟದ ವಿಳಾಸವನ್ನು ನೇರವಾಗಿ ಬೆರಳಚ್ಚಿಸಿಕೊಂಡು ಹೋಗಬಹುದಲ್ಲ ಎಂದಿತು ಅದು. ಮನೆಯ ಬಾಗಿಲು ಎಲ್ಲಿದೆ ಎಂದು ಕೇಳಿದವನಿಗೆ, ಒಳಗಿನ ಕೋಣೆಗಳ ಹೆಸರು ಗೊತ್ತಿದ್ದರೆ ಸಾಕು ಎಂದಂತಾಯಿತು.

ಮೂರನೆಯ ಬೇಡಿಕೆಗೆ ಸಮಿತಿ ಲೆಕ್ಕಾಚಾರವನ್ನೇ ಮುಂದಿಟ್ಟಿತು. ಫಲಿತಾಂಶಕ್ಕೆ 1,295 ಪುಟಮಾದರಿಗಳಿವೆ. ಅವನ್ನೆಲ್ಲ ತಿದ್ದಲು ಒಬ್ಬನೇ ವ್ಯಕ್ತಿ ದಿನಕ್ಕೆ ಎಂಟು ಗಂಟೆಯಂತೆ 368 ದಿನ ದುಡಿಯಬೇಕು. ಅದಕ್ಕೆ ಬೇಕಾದ ಹೆಚ್ಚುವರಿ ವ್ಯವಸ್ಥೆಗೆ 21 ಲಕ್ಷ 80 ಸಾವಿರ ಆಸ್ಟ್ರೇಲಿಯನ್ ಡಾಲರ್ ತಗಲುತ್ತದೆ. ಇದು ‘ಸಮರ್ಥಿಸಲಾಗದ ಹೊರೆ’ ಎಂಬುದು ಸಮಿತಿಯ ವಾದ. ಅಂಗವಿಕಲರ ವಿರುದ್ಧ ತಾರತಮ್ಯವನ್ನು ನಿಷೇಧಿಸಿದ ಆಸ್ಟ್ರೇಲಿಯಾದ 1992ರ ಕಾಯ್ದೆಯಲ್ಲಿ ಅಂತಹ ಹೊರೆಗೆ ವಿನಾಯಿತಿ ಇತ್ತು. ದೂರುದಾರರ ಪರವಾಗಿ ಬಂದ ತಜ್ಞರ ಲೆಕ್ಕ ಬೇರೆಯೇ ಆಗಿತ್ತು: ಅನುಭವಿ ಒಬ್ಬ, ಅವನಿಗೆ ಐದರಿಂದ ಹತ್ತು ಮಂದಿ ಸಹಾಯಕರು, ನಾಲ್ಕು ವಾರ, ಇಷ್ಟು ಸಾಕು.

ವಿಚಾರಣೆ ನಡೆಸಿದ ಆಯುಕ್ತ ವಿಲಿಯಂ ಕಾರ್ಟರ್ ಮುಂದಿದ್ದ ಇನ್ನೊಂದು ಪ್ರಶ್ನೆ ಹೆಚ್ಚು ಆಳವಾದದ್ದು. 1992ರ ಕಾಯ್ದೆ ಬರೆದವರಿಗೆ ಜಾಲತಾಣ ಎಂಬ ವಸ್ತುವಿನ ಪರಿಚಯವೇ ಇರಲಿಲ್ಲ. ಅಂಗಡಿ, ಬಸ್ಸು, ಶಾಲೆ, ಸಿನಿಮಾ ಮಂದಿರ, ಇವೇ ಅವರ ಮನಸ್ಸಿನಲ್ಲಿ ಇದ್ದಿರಬೇಕು. ಆದರೆ ಕಾಯ್ದೆಯಲ್ಲಿ ‘ಸೇವೆ’ ಎಂಬ ಪದವಿತ್ತು. ಜನರಿಗೆ ಮಾಹಿತಿ ಒದಗಿಸುವುದೂ ಸೇವೆಯೇ ಎಂದ ಮೇಲೆ, ಒಂದು ವರ್ಗಕ್ಕೆ ಅದು ಸಿಗದಂತೆ ಮಾಡುವುದು ತಾರತಮ್ಯವೇ. 2000ದ ಆಗಸ್ಟ್ 24ರಂದು ಕಾರ್ಟರ್ ಹಾಗೆಯೇ ತೀರ್ಪಿತ್ತರು. ಮೂರೂ ಬೇಡಿಕೆಗಳನ್ನು ಸೆಪ್ಟೆಂಬರ್ 15ರೊಳಗೆ, ಎಂದರೆ ಕೂಟದ ಉದ್ಘಾಟನೆಯ ದಿನದೊಳಗೆ, ಈಡೇರಿಸುವಂತೆ ಆದೇಶಿಸಿದರು. ಸಮಿತಿ ಅದನ್ನು ಪಾಲಿಸಿದ್ದು ಅರೆಬರೆ. ಕ್ರೀಡಾಕೂಟ ಮುಗಿದ ಮೇಲೆ, ನವೆಂಬರ್ 6ರಂದು, ಮ್ಯಾಗ್ವೈರ್‌ಗೆ 20,000 ಡಾಲರ್ ಪರಿಹಾರ ಕೊಡಬೇಕೆಂದು ಆದೇಶವಾಯಿತು. ಪದಕಗಳ ಪಟ್ಟಿಯನ್ನು ಎಲ್ಲರ ಜೊತೆಗೆ ಓದುವ ಅವಕಾಶ ಮಾತ್ರ ಅಷ್ಟರಲ್ಲಿ ಮುಗಿದುಹೋಗಿತ್ತು.

ಅಮೆರಿಕದಲ್ಲೂ ಇದೇ ಬಗೆಯ ವ್ಯಾಜ್ಯಗಳು ನಡೆದವು. ಅಲ್ಲಿನ ಅಂಧರ ರಾಷ್ಟ್ರೀಯ ಒಕ್ಕೂಟ 2006ರಲ್ಲಿ ಟಾರ್ಗೆಟ್ ಎಂಬ ಮಳಿಗೆ ಸರಪಳಿಯ ಮೇಲೆ ದಾವೆ ಹೂಡಿತು. 2008ರಲ್ಲಿ 60 ಲಕ್ಷ ಡಾಲರಿಗೆ ರಾಜಿಯಾಯಿತು. ಆದರೆ ಅಲ್ಲಿನ 1990ರ ಕಾಯ್ದೆ ಸಾರ್ವಜನಿಕ ‘ಸ್ಥಳ’ದ ಮಾತಾಡುತ್ತದೆ. ಜಾಲತಾಣ ಸ್ಥಳವೇ ಎಂಬ ತರ್ಕದಲ್ಲಿ ವಕೀಲರು ವರ್ಷಗಟ್ಟಲೆ ಕಳೆದರು.

ಭಾರತದ 1995ರ ಅಂಗವಿಕಲರ ಕಾಯ್ದೆಯಲ್ಲಿ ಜಾಲತಾಣದ ಪ್ರಸ್ತಾಪ ಇರಲಿಲ್ಲ. ಇರುವ ಕಾಲವೂ ಅದಲ್ಲ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಒಪ್ಪಿಕೊಂಡಿತು. 2009ರಲ್ಲಿ ಸರ್ಕಾರಿ ಜಾಲತಾಣಗಳಿಗೆ ಮಾರ್ಗಸೂಚಿ ಬಂತು. 2016ರ ಹೊಸ ಕಾಯ್ದೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಎಲ್ಲರಿಗೂ ನಿಲುಕಬೇಕೆಂದು ನೇರವಾಗಿಯೇ ಹೇಳಿತು. ಮರುವರ್ಷ ಬಂದ ನಿಯಮಗಳು ಮಾತ್ರ ಆ ಮಾತಿನ ಹಲ್ಲನ್ನು ಕಿತ್ತಂತೆ ಇದ್ದವು. ಅವು ಬೇರೆ ಬೇರೆ ಮಾರ್ಗಸೂಚಿಗಳನ್ನು ಉಲ್ಲೇಖಿಸಿದವು; ಆ ಮಾರ್ಗಸೂಚಿಗಳಾದರೋ ಸಲಹೆಯ ಧಾಟಿಯವು. ರಾಜೀವ್ ರಾತೂರಿ ಎಂಬ ದೃಷ್ಟಿಹೀನರು 2005ರಲ್ಲಿ ಸಲ್ಲಿಸಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ಇದನ್ನೇ ಎತ್ತಿ ತೋರಿಸಿತು. ಕಾಯ್ದೆ ‘ಮಾಡಲೇಬೇಕು’ ಎನ್ನುವಾಗ ನಿಯಮ ‘ಮಾಡಿದರೆ ಒಳ್ಳೆಯದು’ ಎನ್ನುವಂತಿಲ್ಲ ಎಂಬುದು ತೀರ್ಪಿನ ತಿರುಳು. 2017ರ ನಿಯಮಗಳ 15(1)ನೇ ನಿಯಮ ಕಾಯ್ದೆಗೆ ವಿರುದ್ಧವೆಂದು ಹೇಳಿದ ನ್ಯಾಯಾಲಯ, ಕಡ್ಡಾಯ ನಿಯಮಗಳನ್ನು ರೂಪಿಸಲು ಸರ್ಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು.

2025ರ ಏಪ್ರಿಲ್ 30ರ ಇನ್ನೊಂದು ತೀರ್ಪಿನ ಹಿಂದೆ ಇದ್ದ ಪ್ರಸಂಗ ಮನಸ್ಸನ್ನು ಕಲಕುವಂಥದು. ಬ್ಯಾಂಕ್ ಖಾತೆಗಾಗಿ ಗುರುತು ಖಚಿತಪಡಿಸುವಾಗ ಮೊಬೈಲ್ ಮುಂದೆ ಕಣ್ಣು ಮಿಟುಕಿಸಿ ತೋರಿಸಬೇಕು. ಎದುರಿಗಿರುವುದು ಫೋಟೊ ಅಲ್ಲ, ಜೀವಂತ ಮನುಷ್ಯ ಎಂಬುದಕ್ಕೆ ಅದೇ ಸಾಕ್ಷಿ. ಆಮ್ಲ ದಾಳಿಗೆ ತುತ್ತಾಗಿ ಮುಖ, ಕಣ್ಣುಗಳಿಗೆ ಹಾನಿಯಾದ ಮಹಿಳೆಗೆ ಮಿಟುಕಿಸುವುದೇ ಸಾಧ್ಯವಿರಲಿಲ್ಲ. ಡಿಜಿಟಲ್ ಸೇವೆ ನಿಲುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದ ನ್ಯಾಯಾಲಯ, ಪರಿಶೀಲನೆಯ ಕ್ರಮ ಬದಲಿಸುವುದೂ ಸೇರಿದಂತೆ 20 ನಿರ್ದೇಶನಗಳನ್ನು ನೀಡಿತು.

ಕನ್ನಡದ ಮಟ್ಟಿಗೆ ಈ ಕಥೆಗೆ ಇನ್ನೊಂದು ಗಂಟಿದೆ. ಅದನ್ನು ಯಾವ ಕಾಯ್ದೆಯೂ ನೇರವಾಗಿ ಹೆಸರಿಸಿಲ್ಲ. ಪರದೆ ಓದುವ ‘ಎನ್‌ವಿಡಿಎ’ ಎಂಬ ಉಚಿತ ತಂತ್ರಾಂಶ 2006ರಲ್ಲಿ ಶುರುವಾದದ್ದು ಆಸ್ಟ್ರೇಲಿಯಾದಲ್ಲೇ. ಅದನ್ನು ಬೆಳೆಸಿದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಇಬ್ಬರೂ ಅಂಧರು. ಇದು ಕನ್ನಡವನ್ನೂ ಓದುತ್ತದೆ. ಆದರೆ ಯಾವ ಕನ್ನಡವನ್ನು? ಬಹುಕಾಲ ಕನ್ನಡದ ಬೆರಳಚ್ಚು ನಡೆದದ್ದು ಹಳೆಯ ಮಾದರಿಯ ಅಕ್ಷರಗಳಲ್ಲಿ. ಅಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಅವುಗಳ ಮೇಲೆ ಕನ್ನಡದ ಆಕಾರ ಹೊದಿಸಲಾಗಿರುತ್ತದೆ. ‘ನುಡಿ’ಯ ಹಳೆಯ ಕಡತವೊಂದರಲ್ಲಿ ‘ಕನ್ನಡ’ ಎಂದು ಬರೆದಿದ್ದರೆ, ಯಂತ್ರಕ್ಕೆ ‘ಕ’ ಜಾಗದಲ್ಲಿ ಸಿಗುವುದು ಇಂಗ್ಲಿಷಿನ ‘ಪಿ’, ‘ನ’ ಜಾಗದಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ! ಕಣ್ಣಿಗೆ ಅಂದವಾದ ಕನ್ನಡ, ಕಿವಿಗೆ ಅರ್ಥವಿಲ್ಲದ ಸದ್ದು. ಯೂನಿಕೋಡ್ ಬಂದ ಮೇಲೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಸಿಕ್ಕಿತು, ಓದುವ ಯಂತ್ರಕ್ಕೂ ದಾರಿಯಾಯಿತು. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಇವೆ. ಸಹಿ, ಮೊಹರು ಹಾಕಿ ಸ್ಕ್ಯಾನ್ ಮಾಡಿದ ಆದೇಶದ ಪ್ರತಿಗೆ ಅವೂ ಉಪಯೋಗಕ್ಕೆ ಬರುವುದಿಲ್ಲ. ಅದು ಬರಿಯ ಚಿತ್ರ; ಅಕ್ಷರ ಗುರುತಿಸುವ ತಂತ್ರಾಂಶದ ಮೂಲಕ ಹಾಯಿಸದಿದ್ದರೆ, ಅದರಲ್ಲಿ ಪರಿವರ್ತಿಸಲು ಅಕ್ಷರವೇ ಇರುವುದಿಲ್ಲ.