ಉಡುಪಿ ಸೀಮೆಯ ಮೊದಲ ತಲೆಮಾರಿನ ಕಾಲೇಜು ವಿದ್ಯಾರ್ಥಿಗಳು

ವಿದ್ಯಾಲಯದ ಬಾಗಿಲು ತೆರೆದೊಡನೆ ವಿದ್ಯೆಯು ಎಲ್ಲರಿಗೂ ದೊರೆಯಿತೆಂದು ಭಾವಿಸುವುದು ಸಹಜ. ಒಳಹೊಕ್ಕವರಲ್ಲಿ ಕಡೆಯವರೆಗೆ ಉಳಿದವರಾರು, ಉಳಿದವರು ಯಾವ ಆಧಾರದಿಂದ ಉಳಿದರು ಎಂಬ ಪ್ರಶ್ನೆಯನ್ನು ನಮ್ಮ ಶಿಕ್ಷಣದ ಇತಿಹಾಸವು ಅಪರೂಪಕ್ಕೆ ಎತ್ತುತ್ತದೆ. ಸಂಸ್ಥೆಗಳ ಸ್ಥಾಪನೆಯ ವರ್ಷ, ಸ್ಥಾಪಕರ ನಾಮಧೇಯ, ಕಟ್ಟಡಗಳ ವಿಸ್ತಾರ ಇವೆಲ್ಲ ಗ್ರಂಥಸ್ಥವಾಗಿವೆ; ಅನುತ್ತೀರ್ಣನಾಗಿ ಮನೆಗೆ ಮರಳಿದ ಬಾಲಕನಾದರೋ ಹಾಜರಿ ಪುಸ್ತಕದ ಕೆಂಪು ಗೆರೆಯ ಕೆಳಗೆ ಮರೆಯಾಗಿದ್ದಾನೆ. ಕಾರ್ಕಳ ಸೀಮೆಯಲ್ಲಿ ಮೂರು ದಶಕಗಳಿಗೂ ಮಿಗಿಲಾಗಿ ಪಾಠ ಹೇಳಿದ ನನಗೆ ಈ ಪ್ರಶ್ನೆಯು ನಿವೃತ್ತಿಯ ತರುವಾಯವೂ ಬಿಟ್ಟುಹೋಗಿಲ್ಲ.

ಉಡುಪಿಯಲ್ಲಿ ಕಾಲೇಜು ಹುಟ್ಟುವುದಕ್ಕೆ ಮುನ್ನ ಉನ್ನತ ವಿದ್ಯೆಗೆ ಮಂಗಳೂರೇ ಗತಿಯಾಗಿತ್ತು. ಅಲ್ಲಿ ಸರಕಾರಿ ಕಾಲೇಜು 1868ರಿಂದಲೂ, ಸಂತ ಅಲೋಶಿಯಸ್ ಕಾಲೇಜು 1880ರಿಂದಲೂ ನಡೆದುಬಂದಿದ್ದವು. ನಡುವಣ ಹೊಳೆಗಳನ್ನು ಕಡವುಗಳಲ್ಲಿ ದಾಟಬೇಕಾಗಿದ್ದ ಆ ಕಾಲದಲ್ಲಿ ದೂರವೇ ಮೊದಲನೆಯ ಪರೀಕ್ಷೆ, ಊಟ ಎರಡನೆಯದು. ಊರಿನಲ್ಲೇ ಶಾಲೆ ಕಲಿಯುವ ಬಡ ಬಾಲಕರಿಗೆ ವಾರಾನ್ನವೂ, ಉಡುಪಿಯಲ್ಲಿ ಶ್ರೀಕೃಷ್ಣಮಠದ ಊಟವೂ ಆಸರೆಯಾದವು. ಆದರೆ ವಾರಾನ್ನದ ಹೊಸ್ತಿಲು ಬಹುಮಟ್ಟಿಗೆ ಬ್ರಾಹ್ಮಣ ಬಾಲಕರಿಗೆ ಮಾತ್ರ ತೆರೆದಿತ್ತೆಂಬುದನ್ನು ಮರೆಮಾಚಲಾಗದು. ಆ ಹೊಸ್ತಿಲ ಹೊರಗಿದ್ದ ಮಕ್ಕಳಿಗಾಗಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಶಾಲೆ ತೆರೆದರು. ಬಂದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆಯನ್ನೂ ಮಧ್ಯಾಹ್ನದ ಊಟವನ್ನೂ ಅವರು ಕೊಟ್ಟರು. ಹಸಿದ ಮಗುವಿಗೆ ಅಕ್ಷರಕ್ಕಿಂತ ಮೊದಲು ಅನ್ನ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಕಾಪುವಿನ ಕಡಲತೀರದ ಕಥೆ ಬೇರೆ ಬಗೆಯದು. ಅಲ್ಲಿಯ ಮೊಗವೀರರ ಹಾಗೂ ಗೇಣಿದಾರರ ಮಕ್ಕಳು ಐದಾರನೆಯ ತರಗತಿಗೇ ಶಾಲೆ ಬಿಟ್ಟು ಮುಂಬಯಿಯ ಹಾದಿ ಹಿಡಿಯುತ್ತಿದ್ದರು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು ಸಂಜೆ ಕನ್ನಡದ ರಾತ್ರಿಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದವರೂ, ಆ ಬಳಿಕ ಪದವಿಯನ್ನೇ ಪಡೆದವರೂ ಅವರಲ್ಲಿದ್ದಾರೆ. 1902ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು ನಡೆಸಿದ ಉಚಿತ ರಾತ್ರಿಶಾಲೆ ಈ ಪರಂಪರೆಯಲ್ಲಿ ಸ್ಮರಣೀಯವಾದುದು. ದುಡಿಯುವವನ ಬಿಡುವಿಗೆ ಶಾಲೆಯೇ ತನ್ನ ಗಂಟೆಯನ್ನು ಹೊಂದಿಸಿಕೊಂಡದ್ದು ಅದರ ಯಶಸ್ಸಿನ ಗುಟ್ಟು.

ಇತ್ತ ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಹಾಗೂ ವಾಮನ ಕುಡ್ವರು ಕಟ್ಟಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸುವ ಕ್ರಮ ಅದು. ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾದ ಆ ಸಂಸ್ಥೆ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಡಾ. ಪೈಯವರು 1942ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ವೃತ್ತಿಶಿಕ್ಷಣದ ಆಶಯದಿಂದ ಹೊರಟಿತು. ಅದರ ಆಶ್ರಯದಲ್ಲಿ 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜೂ, 1960ರಲ್ಲಿ ಕಾರ್ಕಳದ ಶ್ರೀ ಭುವನೇಂದ್ರ ಕಾಲೇಜೂ ಹುಟ್ಟಿದವು. ಅದೇ 1960ರಲ್ಲಿ ಅದಮಾರು ಮಠದ ಶ್ರೀ ವಿಬುಧೇಶತೀರ್ಥರು ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜನ್ನು ಸ್ಥಾಪಿಸಿದರು. ಮಣಿಪಾಲದ ವೈದ್ಯಕೀಯ ಕಾಲೇಜಿನ (1953) ಕೀರ್ತಿ ದೇಶಾಂತರಗಳಿಗೆ ಹಬ್ಬಿತು. ಆದರೆ ಹಳ್ಳಿಯ ಬಡ ಮನೆಗಳ ದೃಷ್ಟಿಯಿಂದ ನೋಡಿದರೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮರಳಬಹುದಾದ ಈ ಕಲಾ, ವಿಜ್ಞಾನ, ವಾಣಿಜ್ಯ ಕಾಲೇಜುಗಳ ಉಪಕಾರವೇ ಹಿರಿದು.

ದೂರ ಕಡಿಮೆಯಾದ ಮೇಲೆ ಭಾಷೆಯ ತೊಡಕು ಎದುರಾಯಿತು. ಇಲ್ಲಿಯ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತದೆ, ಶಾಲೆಯಲ್ಲಿ ಕನ್ನಡ ಕಲಿಯುತ್ತದೆ, ಪಿ.ಯು.ಸಿ.ಗೆ ಕಾಲಿಟ್ಟಾಗ ವಿಜ್ಞಾನ, ವಾಣಿಜ್ಯಗಳನ್ನೆಲ್ಲ ಇಂಗ್ಲಿಷಿನಲ್ಲಿ ಕೇಳಬೇಕಾಗುತ್ತದೆ. ಇಂತಹ ವಿದ್ಯಾರ್ಥಿಯನ್ನು ‘ದಡ್ಡ’ನೆನ್ನುವುದು ಅನ್ಯಾಯ. ಅವನು ಮೂರನೆಯ ಭಾಷೆಯಲ್ಲಿ ಪರೀಕ್ಷೆಗೆ ಕುಳಿತವನು.

ನನ್ನ ಇಬ್ಬರು ಶಿಷ್ಯರನ್ನು ಇಲ್ಲಿ ನೆನೆಯಬೇಕು. ಇಬ್ಬರ ತಾಯಂದಿರೂ ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದರು, ಇಬ್ಬರೂ ಪಿ.ಯು.ಸಿ.ಯಲ್ಲಿ ಇಂಗ್ಲಿಷಿನಲ್ಲಿ ಅನುತ್ತೀರ್ಣರಾದರು. ಒಬ್ಬನ ಮನೆ ನನ್ನ ಮನೆಯ ಸಮೀಪವಿತ್ತು. ಪ್ರತಿ ಸಂಜೆ ಜಗಲಿಗೆ ಬಂದು ದಿನಕ್ಕೆ ಹತ್ತು ಪದ, ಎರಡು ವಾಕ್ಯ ಕಲಿತು ಹೋಗುತ್ತಿದ್ದನು. ಪಿಗ್ಮಿಯ ಲೆಕ್ಕದಂತೆ ವರ್ಷಾಂತ್ಯಕ್ಕೆ ಅದೇ ದೊಡ್ಡ ಗಂಟಾಯಿತು. ಮೂರನೆಯ ಯತ್ನದಲ್ಲಿ ಉತ್ತೀರ್ಣನಾಗಿ, ಪದವಿ ಪಡೆದು, ಬ್ಯಾಂಕಿನ ಗುಮಾಸ್ತನಾದನು. ಮತ್ತೊಬ್ಬನು ಬುದ್ಧಿಯಲ್ಲಿ ಅವನಿಗಿಂತ ಒಂದು ಕೈ ಮೇಲು. ಅವನ ಮನೆ ಗುಡ್ಡದಾಚೆ. ಅವನು ಬರಲಿಲ್ಲ, ಏಕೆ ಬರಲಿಲ್ಲವೆಂದು ನಾನೂ ಹೋಗಿ ಕೇಳಲಿಲ್ಲ. ಅವನು ಸೋತನೆಂದು ಹೇಳುವ ಅಧಿಕಾರ ನನಗಿಲ್ಲ.

1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಈ ಸೀಮೆಯ ಗೇಣಿದಾರರು ಒಡೆಯರಾದರು. ಅವರ ಮಕ್ಕಳಲ್ಲಿ ಅನೇಕರು ಆ ಮನೆತನಗಳಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದರು. 1975ರ ಹಾವನೂರು ಆಯೋಗದ ವರದಿಯು ಹಿಂದುಳಿದ ವರ್ಗಗಳ ಮೀಸಲಾತಿಗೆ ಆಧಾರವನ್ನು ಒದಗಿಸಿತು. ಹೀಗೆ ಪ್ರವೇಶದ ದಾರಿ ವಿಶಾಲವಾಯಿತು. ಆದರೆ ಪ್ರವೇಶವೇ ಸಾಫಲ್ಯವಲ್ಲ. ಅಮೆರಿಕೆಯಲ್ಲಿ 1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ ನಗರದಲ್ಲಿ ಆರಂಭವಾಗಿ ದೇಶವೆಲ್ಲ ಹರಡಿದ ಸಮುದಾಯ ಕಾಲೇಜುಗಳ ಅನುಭವವೂ ಇದೇ. ಯಾರನ್ನೂ ಹೊರಗಿಡದ ಆ ಸಂಸ್ಥೆಗಳಲ್ಲಿ ಸೇರಿದವರಲ್ಲಿ ಬಹುಮಂದಿ ಪದವಿಗೆ ಮುನ್ನವೇ ಬಿಟ್ಟುಹೋಗುವುದನ್ನು ಕಂಡು, ಪೂರ್ವಸಿದ್ಧತೆ ಸಾಲದವರಿಗೆ ಪೂರಕ ಬೋಧನೆಯನ್ನೂ ಆಪ್ತ ಸಲಹೆಯನ್ನೂ ಅಲ್ಲಿ ಏರ್ಪಡಿಸಬೇಕಾಯಿತು.

ನಮಗೆ ಈ ವಿಚಾರ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಕಾಯಕಜೀವಿಗಳು ಪಾಠಶಾಲೆಯ ಸಂಸ್ಕಾರದ ಬಲವಿಲ್ಲದೆ, ತಮ್ಮ ಕಸುಬಿನ ನುಡಿಯಲ್ಲೇ ಪರಮಾರ್ಥವನ್ನು ಚರ್ಚಿಸಿದರು. ಅವರನ್ನು ಉಳಿಸಿಕೊಂಡದ್ದು ಅವರ ಮಾತಿಗೆ ಕಿವಿಗೊಟ್ಟ ಗೋಷ್ಠಿ, ಜೊತೆಗೆ ಭೇದವೆಣಿಸದ ದಾಸೋಹ. ನಮ್ಮ ಮಠಗಳ ಉಚಿತ ಪ್ರಸಾದನಿಲಯಗಳು ಬೆಳೆದದ್ದು ಆ ತತ್ತ್ವದಿಂದಲೇ. 2002ರಲ್ಲಿ ಕರ್ನಾಟಕ ಸರಕಾರವು ಶಾಲೆಗಳ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟದ್ದೂ, 2013ರಲ್ಲಿ ವಿದ್ಯಾರ್ಥಿನಿಲಯ ದೊರೆಯದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ‘ವಿದ್ಯಾಸಿರಿ’ಯ ಮೂಲಕ ಊಟ, ವಸತಿಗೆ ತಿಂಗಳಿಗೆ 1,500 ರೂಪಾಯಿ ಕೊಡತೊಡಗಿದ್ದೂ ಅದೇ ತತ್ತ್ವದ ಮುಂದುವರಿಕೆ.

ಈ ಇತಿಹಾಸದಿಂದ ತಿಳಿಯುವುದಿಷ್ಟು. ಹೊಟ್ಟೆಗೆ ಅನ್ನ, ನಡೆದು ಮುಟ್ಟುವ ದೂರದಲ್ಲಿ ಶಾಲೆ, ದುಡಿಮೆಗೆ ಹೊಂದುವ ವೇಳೆ, ಅರ್ಥವಾಗುವ ಭಾಷೆ ಈ ನಾಲ್ಕು ಒದಗಿದಲ್ಲೆಲ್ಲ ಸಿದ್ಧತೆಯಿಲ್ಲದ ಮಗುವೂ ನಿಂತು ಕಲಿತಿದೆ. ಐದನೆಯದೊಂದಿದೆ; ಅದಕ್ಕೆ ಸರಕಾರದ ಆಜ್ಞೆಯೂ ಬೇಡ, ದಾನಿಗಳ ಹಣವೂ ಬೇಡ. ಬಾರದ ವಿದ್ಯಾರ್ಥಿಯ ಮನೆಗೆ ಗುಡ್ಡ ಹತ್ತಿ ಹೋಗಿ ‘ಏಕಪ್ಪಾ ಬರಲಿಲ್ಲ?’ ಎಂದು ಕೇಳುವವನೊಬ್ಬ ಬೇಕು. ಇಂದು ಪಾಠ ಹೇಳುತ್ತಿರುವ ಕಿರಿಯ ಮಿತ್ರರಲ್ಲಿ ನನ್ನ ವಿನಂತಿಯೂ ಇದೊಂದೇ.